ಸುಂಕದ ಕಟ್ಟೆಯಲ್ಲಿ ಒಂದು ಸೀಸೆ

ಕಡಲನ್ನು ಕಾಣದ ಜಿಲ್ಲೆ ನಮ್ಮ ಚಿತ್ರದುರ್ಗ. ಹಿರಿಯೂರು ತಾಲ್ಲೂಕಿನ ವಾಣೀವಿಲಾಸ ಸಾಗರವೇ ನಮಗೆ ಸಮುದ್ರ. ಹಡಗು, ಬಂದರು, ಸುಂಕದ ಕಟ್ಟೆ ಇವೆಲ್ಲ ನಮ್ಮ ವಿದ್ಯಾರ್ಥಿಗಳಿಗೆ ಭೂಗೋಳದ ಪುಸ್ತಕದ ಮಾತುಗಳು. ಹೀಗಿರುವಲ್ಲಿ, ಒಂದು ದಿನ ಪಾಠ ಮುಗಿದ ಮೇಲೆ ಹೊಳಲ್ಕೆರೆಯ ಕಡೆಯ ವಿದ್ಯಾರ್ಥಿಯೊಬ್ಬನು ಬಂದು ಸುಂಕದ ಇಲಾಖೆಯ ವಿಷಯವಾಗಿ ಪ್ರಶ್ನೆ ಕೇಳಿದಾಗ ನಮಗೆ ಆಶ್ಚರ್ಯವೇ ಆಯಿತು. ಬೆಂಗಳೂರಿನಲ್ಲಿ ಓದುತ್ತಿರುವ ಅವನ ದೊಡ್ಡಪ್ಪನ ಮಗನು ಹೊರದೇಶದಿಂದ ಅಂಚೆಯ ಮೂಲಕ ಎರಡು ಪುಟ್ಟ ಸೀಸೆಗಳನ್ನು ತರಿಸಿದ್ದನಂತೆ. ಸೀಸೆಗಳು ಕೈಸೇರಲಿಲ್ಲ, ಅವು ಜಪ್ತಿಯಾಗಿರುವುದಾಗಿ ತಿಳಿಸುವ ಕಾಗದವೊಂದು ಮನೆಗೆ ಬಂದಿತು. ಮನೆಯವರೆಲ್ಲ ಗಾಬರಿಗೊಂಡರು.

"ಸಾರ್, ಸೀಸೆಯ ಮೇಲೆ ಮಾವಿನ ಹಣ್ಣಿನ ಚಿತ್ರವಿದೆ, ನಿಕೋಟಿನ್ ಇಲ್ಲವೆಂದು ಬರೆದಿದೆ, ಎಳೆದರೆ ಬರುವುದು ಬರಿಯ ನೀರಿನ ಹಬೆ ಎಂದು ಅಣ್ಣ ಹೇಳುತ್ತಾನೆ. ಹಾಗಿದ್ದರೆ ಸುಂಕದವರು ಅದನ್ನು ಹಿಡಿದದ್ದೇಕೆ? ಒಳಗೇನಿದೆಯೆಂಬುದು ಅವರಿಗೆ ಗೊತ್ತಾಗುವುದಾದರೂ ಹೇಗೆ?" ಎಂದು ಅವನು ಕೇಳಿದನು.

ಈ ಪ್ರಶ್ನೆಗಳಲ್ಲಿ ಮೊದಲನೆಯದು ಕಾನೂನಿಗೆ ಸೇರಿದ್ದು, ಎರಡನೆಯದು ವಿಜ್ಞಾನಕ್ಕೆ ಸೇರಿದ್ದು. ಆದರೆ ಎರಡನೆಯದಕ್ಕೆ ಉತ್ತರ ದೊರೆಯದೆ ಮೊದಲನೆಯದು ನಿಲ್ಲುವಂತಿಲ್ಲ. ಆದುದರಿಂದ ವಿಜ್ಞಾನದಿಂದಲೇ ಆರಂಭಿಸೋಣ.

ಹಬೆಯಲ್ಲ, ಮಂಜು

ವಿದ್ಯುತ್ ಸಿಗರೇಟು ಅಥವಾ ಇ-ಸಿಗರೇಟು ಎಂಬ ಉಪಕರಣವನ್ನು ಇಂದಿನ ರೂಪದಲ್ಲಿ ಬಳಕೆಗೆ ತಂದವನು ಚೀನ ದೇಶದ ಹಾನ್ ಲಿಕ್ ಎಂಬ ಔಷಧಶಾಸ್ತ್ರಜ್ಞ; ಕಾಲ ೨೦೦೩. ಇದರಲ್ಲಿ ಮೂರು ಭಾಗಗಳುಂಟು: ಒಂದು ಪುಟ್ಟ ಲಿಥಿಯಂ ಬ್ಯಾಟರಿ, ಒಂದು ತಂತಿಯ ಸುರುಳಿ, ಆ ಸುರುಳಿಗೆ ಬತ್ತಿಯ ಮೂಲಕ ಒದಗಿ ಬರುವ ದ್ರವ. ಎಳೆದಾಗ ವಿದ್ಯುತ್ತು ಹರಿದು ಸುರುಳಿ ಕಾಯುವುದು, ದ್ರವ ಆವಿಯಾಗುವುದು.

ಇದರ ಲೆಕ್ಕ ಪಿ.ಯು.ಸಿ. ತರಗತಿಯ ಭೌತಶಾಸ್ತ್ರವೇ ಆಗಿದೆ. ಬ್ಯಾಟರಿಯ ವಿಭವ ೩.೬ ವೋಲ್ಟ್, ಸುರುಳಿಯ ರೋಧ ೧.೨ ಓಮ್ ಎಂದಿಟ್ಟುಕೊಳ್ಳೋಣ. ಹರಿಯುವ ವಿದ್ಯುತ್ತು ೩ ಆಂಪಿಯರ್; ಸಾಮರ್ಥ್ಯ ೩.೬ × ೩ = ೧೦.೮ ವಾಟ್. ಮೂರು ಸೆಕೆಂಡು ಎಳೆದರೆ ೩೨.೪ ಜೂಲ್ ಶಾಖ ಹುಟ್ಟುವುದು. ದ್ರವದ ಒಂದು ಗ್ರಾಮನ್ನು ಕಾಯಿಸಿ ಆವಿಮಾಡಲು ಸುಮಾರು ೧೩೦೦ ಜೂಲ್ ಬೇಕೆಂದು ಹಿಡಿದರೆ, ಈ ಶಾಖವೆಲ್ಲ ದ್ರವಕ್ಕೇ ಸೇರಿದರೂ ಒಂದು ಎಳೆತಕ್ಕೆ ಆವಿಯಾಗುವುದು ಹೆಚ್ಚೆಂದರೆ ೨೫ ಮಿಲಿಗ್ರಾಂ. ಲೋಹ, ಗಾಳಿ, ಬತ್ತಿಗಳಿಗೆ ಒಂದು ಪಾಲು ಹೋಗುವುದರಿಂದ ನಿಜವಾಗಿ ಆವಿಯಾಗುವುದು ಇದಕ್ಕಿಂತ ಬಹಳ ಕಡಿಮೆ.

ಆ ಆವಿ ತಣ್ಣನೆಯ ಗಾಳಿಯನ್ನು ಸೇರಿದೊಡನೆ ಮತ್ತೆ ಸಾಂದ್ರೀಕರಿಸಿ ಅತಿ ಸಣ್ಣ ಹನಿಗಳಾಗುವುದು. ಹನಿಗಳ ವ್ಯಾಸ ಬಹುಮಟ್ಟಿಗೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಇಷ್ಟು ಸಣ್ಣ ಹನಿಗಳು ಗಂಟಲಲ್ಲಿಯೇ ನಿಂತುಬಿಡದೆ ಶ್ವಾಸಕೋಶದ ಆಳದವರೆಗೂ ಇಳಿಯಬಲ್ಲವು. ಆದುದರಿಂದ "ನೀರಿನ ಹಬೆ" ಎಂಬ ಮಾತು ಎರಡು ಬಗೆಯಲ್ಲಿ ತಪ್ಪು. ಮೊದಲನೆಯದಾಗಿ, ಕಣ್ಣಿಗೆ ಕಾಣುವುದು ಹಬೆಯಲ್ಲ, ಹನಿಗಳ ಮಂಜು. ಎರಡನೆಯದಾಗಿ, ಅದು ನೀರಿನದಲ್ಲ. ದ್ರವದ ಬಹುಪಾಲು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಮೊದಲನೆಯದರ ಕುದಿಬಿಂದು ೧೮೮ ಡಿಗ್ರಿ, ಎರಡನೆಯದರದು ೨೯೦ ಡಿಗ್ರಿ ಸೆಂಟಿಗ್ರೇಡ್. ಇವುಗಳೊಡನೆ ಹಣ್ಣಿನ ಅಥವಾ ಪುದೀನದ ಸುವಾಸನೆ. ಮತ್ತು ಬಹಳ ಸಲ, ನಿಕೋಟಿನ್.

ಇಲ್ಲಿಯೇ ಅಧಿಕಾರಿಯ ಕಷ್ಟ ಇರುವುದು. ಗ್ಲಿಸರಿನ್ನು ಕೆಮ್ಮಿನ ಔಷಧದಲ್ಲಿಯೂ ಉಂಟು. ಪ್ರೊಪಿಲೀನ್ ಗ್ಲೈಕಾಲ್ ಔಷಧಗಳಲ್ಲಿ, ಆಹಾರದ ಸುವಾಸನೆಗಳಲ್ಲಿ ಬಳಕೆಯಾಗುವುದು. ಅವನ್ನು ಆಮದು ಮಾಡುವುದು ಅಪರಾಧವಲ್ಲ. ಕ್ಷ-ಕಿರಣದ ಯಂತ್ರದಲ್ಲಿ ಬ್ಯಾಟರಿ, ತಂತಿಯ ಸುರುಳಿಗಳು ಸ್ಪಷ್ಟವಾಗಿ ಕಾಣುವುವು. ಬಿಡಿ ಸೀಸೆಯೊಳಗಿನ ದ್ರವದ ಕುಲ ಮಾತ್ರ ತಿಳಿಯದು. ಏಕೆಂದರೆ ಈ ದ್ರವಗಳೆಲ್ಲವೂ ಇಂಗಾಲ, ಜಲಜನಕ, ಆಮ್ಲಜನಕಗಳಂಥ ಹಗುರ ಮೂಲವಸ್ತುಗಳಿಂದಾದವು. ಕ್ಷ-ಕಿರಣಗಳನ್ನು ಅವು ಹೆಚ್ಚುಕಡಿಮೆ ಒಂದೇ ಬಗೆಯಾಗಿ ಹೀರುತ್ತವೆ. ಮೇಲಿನ ಚೀಟಿಯನ್ನು ನಂಬಬಹುದೆ? ಸುಳ್ಳು ಹೇಳಬೇಕೆಂದಿರುವವನು ಮೊದಲು ಬರೆಯುವುದೇ ಚೀಟಿಯ ಮೇಲೆ.

ಸುಣ್ಣ ಮತ್ತು ಹುಳಿ

ನಿಕೋಟಿನ್ನಿನ ಗುಟ್ಟು ತಿಳಿಯಬೇಕಾದರೆ ಅಡಿಗೆಮನೆಯ ಪ್ರಯೋಗವೊಂದನ್ನು ಮಾಡಿ ನೋಡಬಹುದು. ಚಿಟಿಕೆ ಅರಿಶಿನವನ್ನು ನೀರಿನಲ್ಲಿ ಕದಡಿ, ಎಲೆಗೆ ಹಚ್ಚುವ ಸುಣ್ಣವನ್ನು ಕಾಳಿನಷ್ಟು ಸೇರಿಸಿರಿ. ಹಳದಿಯ ನೀರು ಕೆಂಪಾಗುವುದು. ಆರತಿಯ ಓಕುಳಿ ಸಿದ್ಧವಾಗುವುದು ಹೀಗೆಯೇ. ಈಗ ನಿಂಬೆಯ ಹುಳಿ ಹಿಂಡಿರಿ, ಮತ್ತೆ ಹಳದಿ. ಕ್ಷಾರದಲ್ಲಿ ಒಂದು ರೂಪ, ಆಮ್ಲದಲ್ಲಿ ಇನ್ನೊಂದು ರೂಪ. ಅರಿಶಿನದ ಬಣ್ಣದ ವಸ್ತುವಿನಂತೆಯೇ ನಿಕೋಟಿನ್ನಿಗೂ ಎರಡು ರೂಪಗಳುಂಟು.

ನಿಕೋಟಿನ್ ಸ್ವತಃ ಒಂದು ಕ್ಷಾರ. ಕ್ಷಾರೀಯ ದ್ರವದಲ್ಲಿ ಅದು ಒಂಟಿಯಾಗಿ, ಸ್ವತಂತ್ರವಾಗಿರುವುದು. ಆಗ ಅದು ಕೊಬ್ಬಿನಂಥ ಪದಾರ್ಥಗಳಲ್ಲಿಯೂ ಈಥರಿನಲ್ಲಿಯೂ ಚೆನ್ನಾಗಿ ಕರಗುವುದು, ಬಾಯಿಯ ಒಳಚರ್ಮವನ್ನು ಸುಲಭವಾಗಿ ದಾಟುವುದು. ಆಮ್ಲವಿದ್ದಲ್ಲಿ ಅದರೊಡನೆ ಕೂಡಿ ಲವಣವಾಗುವುದು. ಲವಣ ನೀರಿಗೆ ಅಂಟಿಕೊಳ್ಳುವುದೇ ಹೊರತು ಈಥರಿನ ಕಡೆಗೆ ಹೋಗದು. ದ್ರವದ ಪಿ.ಎಚ್. ಅಂಕ ಸುಮಾರು ೮ ಇರುವಲ್ಲಿ ನಿಕೋಟಿನ್ನಿನ ಅರ್ಧ ಭಾಗ ಸ್ವತಂತ್ರ, ಅರ್ಧ ಭಾಗ ಲವಣ. ಅಂಕ ೯ಕ್ಕೆ ಏರಿದರೆ ನೂರರಲ್ಲಿ ೯೧ ಪಾಲು ಸ್ವತಂತ್ರ. ೬ಕ್ಕೆ ಇಳಿದರೆ ಬರಿಯ ೧ ಪಾಲು.

ಹೊಸದುರ್ಗ, ಹೊಳಲ್ಕೆರೆಗಳ ಅಡಿಕೆಯ ಸೀಮೆಯಲ್ಲಿ ಎಲೆ ಅಡಿಕೆಯೊಡನೆ ಹೊಗೆಸೊಪ್ಪನ್ನು ಹಾಕಿಕೊಳ್ಳುವವರನ್ನು ನಾವೆಲ್ಲ ಕಂಡಿದ್ದೇವೆ. ಅವರು ಸುಣ್ಣವನ್ನು ಬಿಡುವುದಿಲ್ಲ. ಸುಣ್ಣವಿಲ್ಲದಿದ್ದರೆ "ಹೊಗೆಸೊಪ್ಪು ಹಿಡಿಯುವುದಿಲ್ಲ" ಎನ್ನುವರು. ರಸಾಯನಶಾಸ್ತ್ರವನ್ನು ಓದದಿದ್ದರೂ ಅವರು ಹೇಳುವುದು ದಿಟ. ಸುಣ್ಣವು ಸೊಪ್ಪಿನ ನಿಕೋಟಿನ್ನನ್ನು ಬಿಡುಗಡೆ ಮಾಡಿ ಬಾಯಿಯಿಂದ ರಕ್ತಕ್ಕೆ ದಾಟಿಸುವುದು.

ಸೀಸೆಯ ದ್ರವವನ್ನು ತಯಾರಿಸುವವರು ಹಿಡಿದದ್ದು ಇದಕ್ಕೆ ವಿರುದ್ಧವಾದ ದಾರಿ. ಸ್ವತಂತ್ರ ನಿಕೋಟಿನ್ ಗಂಟಲನ್ನು ಕೆರೆಯುವುದು. ಹೆಚ್ಚಾದರೆ ಎಳೆಯುವವನು ಕೆಮ್ಮಿ ನಿಲ್ಲಿಸಿಬಿಡುವನು. ಅದಕ್ಕೆ ಬೆಂಜೋಯಿಕ್ ಆಮ್ಲದಂಥದನ್ನು ಸೇರಿಸಿ ಲವಣ ಮಾಡಿದರೆ ಕೆರೆತ ತಗ್ಗುವುದು. ಆಗ ಪ್ರಮಾಣವನ್ನು ಏರಿಸಬಹುದು. ಕೆಮ್ಮೆಂಬುದು ದೇಹವು ಇಟ್ಟುಕೊಂಡಿರುವ ಕಾವಲುಗಾರ. ಈ ಆಮ್ಲ ಆ ಕಾವಲುಗಾರನನ್ನು ಮಲಗಿಸುತ್ತದೆ. ಯುರೋಪಿನ ಒಕ್ಕೂಟವು ಒಂದು ಮಿಲಿಲೀಟರಿಗೆ ೨೦ ಮಿಲಿಗ್ರಾಂ ನಿಕೋಟಿನ್ ಎಂಬ ಮಿತಿಯನ್ನು ೨೦೧೪ರ ತನ್ನ ನಿಯಮದಲ್ಲಿ ಹಾಕಿದೆ. ಅಂಥ ಮಿತಿಯಿಲ್ಲದ ಕಡೆಗಳಲ್ಲಿ ಲವಣದ ದ್ರವಗಳು ೫೦ ಮಿಲಿಗ್ರಾಂವರೆಗೂ ಮಾರಾಟಕ್ಕೆ ಬಂದುವು. ಅಂಥ ದ್ರವ ೨ ಮಿಲಿಲೀಟರು ಹಿಡಿಯುವ ಒಂದು ಪುಟ್ಟ ಕೊಳವೆಯಲ್ಲಿ ೧೦೦ ಮಿಲಿಗ್ರಾಂ ನಿಕೋಟಿನ್ ಇರುವುದೆಂದಾಯಿತು. ಒಂದು ಸಾಧಾರಣ ಸಿಗರೇಟನ್ನು ಸೇದಿದವನ ದೇಹಕ್ಕೆ ಸೇರುವುದು ೧ ಮಿಲಿಗ್ರಾಮಿನ ಆಸುಪಾಸು ಎಂಬುದನ್ನು ನೆನೆದರೆ ಇದರ ಅರ್ಥವಾಗುವುದು.

ನಿಕೋಟಿನ್ ವಿಷವೆಂಬುದು ನಮ್ಮ ರೈತರಿಗೆ ಹೊಸತಲ್ಲ. ಹೊಗೆಸೊಪ್ಪಿನ ಕಷಾಯವನ್ನು ಪೈರಿನ ಹುಳುಗಳ ಮೇಲೆ ಎರಚುವ ಪದ್ಧತಿ ಹಳೆಯದು. ಹಸಿ ಹೊಗೆಸೊಪ್ಪನ್ನು ಕೀಳುವ ಕೂಲಿಯವರಿಗೆ ಚರ್ಮದ ಮೂಲಕವೇ ನಿಕೋಟಿನ್ ಸೇರಿ ವಾಂತಿ, ತಲೆಸುತ್ತು ಬರುವುದುಂಟು. ಮನುಷ್ಯನನ್ನು ಕೊಲ್ಲುವ ಪ್ರಮಾಣ ೬೦ ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆ ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತ ಬಂದವು. ಆಸ್ಟ್ರಿಯದ ಗ್ರಾಟ್ಸ್ ನಗರದ ಬರ್ನ್ಡ್ ಮೇಯರ್ ಎಂಬ ಔಷಧಶಾಸ್ತ್ರಜ್ಞನು ೨೦೧೪ರಲ್ಲಿ ಈ ಅಂಕಿಯ ಮೂಲವನ್ನು ಹುಡುಕಿ, ಅದು ಹತ್ತೊಂಬತ್ತನೆಯ ಶತಮಾನದ ಕೆಲವು ಸಂದೇಹಾಸ್ಪದ ಸ್ವಪ್ರಯೋಗಗಳಿಂದ ಬಂದುದೆಂದೂ, ವಯಸ್ಕನೊಬ್ಬನು ನುಂಗಿದರೆ ಸಾಯುವ ಪ್ರಮಾಣ ೫೦೦ ಮಿಲಿಗ್ರಾಂಗಿಂತ ಹೆಚ್ಚಿರಬೇಕೆಂದೂ ವಾದಿಸಿದನು. ಹಾಗೆಯೇ ಇಟ್ಟುಕೊಂಡರೂ, ಮಾವಿನ ವಾಸನೆಯ ೧೦ ಮಿಲಿಲೀಟರ್ ಸೀಸೆಯೊಂದು ಎರಡು ವರ್ಷದ ಮಗುವಿನ ಕೈಗೆ ಸಿಕ್ಕರೆ ಏನಾಗಬಹುದೆಂಬುದನ್ನು ವಿವರಿಸಬೇಕಾಗಿಲ್ಲ.

ಸ್ಟಾಸನ ಉಪಾಯ

ದ್ರವವೊಂದರಲ್ಲಿ ಅಡಗಿರುವ ನಿಕೋಟಿನ್ನನ್ನು ಹೊರಗೆಳೆಯುವ ವಿದ್ಯೆ ಹುಟ್ಟಿದ್ದು ಒಂದು ಕೊಲೆಯ ಮೊಕದ್ದಮೆಯಲ್ಲಿ. ೧೮೨೮ರಲ್ಲಿ ಜರ್ಮನಿಯ ಪಾಸೆಲ್ಟ್ ಮತ್ತು ರೈಮನ್ ಎಂಬವರು ಹೊಗೆಸೊಪ್ಪಿನಿಂದ ಶುದ್ಧ ನಿಕೋಟಿನ್ನನ್ನು ಬೇರ್ಪಡಿಸಿದ್ದರು. ಆದರೆ ಸತ್ತವನ ದೇಹದಲ್ಲಿ ಇಂಥ ಸಸ್ಯವಿಷವನ್ನು ಕಂಡುಹಿಡಿಯುವ ಮಾರ್ಗ ಯಾರಿಗೂ ತಿಳಿದಿರಲಿಲ್ಲ. ೧೮೫೦ರ ನವೆಂಬರಿನಲ್ಲಿ ಬೆಲ್ಜಿಯಂ ದೇಶದ ಬೊಕಾರ್ಮೆ ಎಂಬ ಸಾಹುಕಾರನು ಆಸ್ತಿಯ ಆಸೆಗಾಗಿ ತನ್ನ ಹೆಂಡತಿಯ ತಮ್ಮನನ್ನು ನಿಕೋಟಿನ್ ಕುಡಿಸಿ ಕೊಂದನು. ಗುರುತು ಸಿಗದೆಂಬುದೇ ಅವನ ಧೈರ್ಯ.

ನ್ಯಾಯಾಧಿಕಾರಿಗಳು ಸತ್ತವನ ಅಂಗಗಳನ್ನು ಬ್ರಸಲ್ಸಿನ ರಸಾಯನ ಶಾಸ್ತ್ರಜ್ಞ ಝಾನ್ ಸ್ಟಾಸನಿಗೆ ಕಳುಹಿಸಿದರು. ಅವನು ಮಾಡಿದ ಉಪಾಯ ನಮ್ಮ ಸುಣ್ಣ-ಹುಳಿಯ ಆಟವೇ. ಮೊದಲು ಆಮ್ಲ ಬೆರೆಸಿದ ಮದ್ಯಸಾರದಲ್ಲಿ ಅಂಗಗಳನ್ನು ನೆನೆಸಿ ನಿಕೋಟಿನ್ನನ್ನು ಲವಣವಾಗಿಸಿ ಹೊರತೆಗೆದನು. ಕೊಬ್ಬು ಮೊದಲಾದ ಕಶ್ಮಲಗಳನ್ನು ಕಳೆದನು. ಬಳಿಕ ಕ್ಷಾರವನ್ನು ಹಾಕಿ ಈಥರಿನೊಡನೆ ಕುಲುಕಿದನು. ಸ್ವತಂತ್ರವಾದ ನಿಕೋಟಿನ್ ನೀರನ್ನು ಬಿಟ್ಟು ಈಥರಿಗೆ ಹೋಯಿತು. ಈಥರ್ ಆರಿಹೋದ ಮೇಲೆ ಹೊಗೆಸೊಪ್ಪಿನ ಕಟುವಾಸನೆಯ ಎಣ್ಣೆಯಂಥ ಹನಿಗಳು ಉಳಿದುವು. ೧೮೫೧ರಲ್ಲಿ ಬೊಕಾರ್ಮೆಗೆ ಮರಣದಂಡನೆಯಾಯಿತು. ಆ ವಿಧಾನವನ್ನು ಮುಂದೆ ಇತರರು ತಿದ್ದಿ ಬೆಳೆಸಿದರು; ಅದರ ತತ್ತ್ವ ಇಂದಿಗೂ ವಿಷಪರೀಕ್ಷೆಯಲ್ಲಿ ಬಳಕೆಯಲ್ಲಿದೆ. ಆಮ್ಲದಲ್ಲಿ ಅಡಗಿದ ನಿಕೋಟಿನ್ ಕ್ಷಾರದಲ್ಲಿ ಹೊರಬರಲೇಬೇಕು. ಚೀಟಿ ಏನೇ ಹೇಳಲಿ, ಅದು ಸುಳ್ಳು ಹೇಳಲಾರದು.

ಇಂದಿನ ಪ್ರಯೋಗಶಾಲೆಯಲ್ಲಿ

ಈಗಿನ ಪರೀಕ್ಷಕರು ಹನಿಯನ್ನು ಮೂಸಿ ನೋಡಬೇಕಾಗಿಲ್ಲ. ಬಿಸ್ಮತ್ ಇರುವ ಡ್ರಾಗನ್‌ಡಾರ್ಫ್ ದ್ರಾವಣದೊಡನೆ ನಿಕೋಟಿನ್ ಕಿತ್ತಳೆಗೆಂಪು ಬಣ್ಣದ ಗಸಿಯನ್ನು ಕೊಡುವುದು. ಆದರೆ ಈ ಜಾತಿಯ ಬೇರೆ ಕೆಲವು ಸಸ್ಯಕ್ಷಾರಗಳೂ ಹಾಗೆಯೇ ಮಾಡುವುದರಿಂದ ಇದು ಸುಳಿವೇ ಹೊರತು ಸಾಕ್ಷ್ಯವಲ್ಲ.

ಸಾಕ್ಷ್ಯಕ್ಕೆ ಬೇಕಾದದ್ದು ಅನಿಲ ವರ್ಣಲೇಖನ ಮತ್ತು ದ್ರವ್ಯರಾಶಿ ರೋಹಿತ ಎಂಬ ಜೋಡಿ ಯಂತ್ರ. ಮೊದಲನೆಯದು ದ್ರವದ ಆವಿಯನ್ನು ಉದ್ದವಾದ, ಕೂದಲಂತೆ ಸಣ್ಣದಾದ ಕೊಳವೆಯಲ್ಲಿ ಓಡಿಸುವುದು. ಮಾವಿನ ಸುವಾಸನೆ, ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್ ಒಂದೊಂದೂ ತನ್ನ ತನ್ನ ಹೊತ್ತಿಗೆ ಬೇರೆ ಬೇರೆಯಾಗಿ ಹೊರಬರುವುವು. ಎರಡನೆಯದು ಹೊರಬಂದ ಅಣುಗಳನ್ನು ಎಲೆಕ್ಟ್ರಾನುಗಳಿಂದ ಹೊಡೆದು, ಚೂರುಗಳನ್ನು ತೂಗುವುದು. ನಿಕೋಟಿನ್ ಅಣುವಿನಲ್ಲಿ ೧೦ ಇಂಗಾಲ, ೧೪ ಜಲಜನಕ, ೨ ಸಾರಜನಕ ಪರಮಾಣುಗಳು ಇವೆ. ೧೦ × ೧೨ + ೧೪ × ೧ + ೨ × ೧೪ = ೧೬೨. ಇದು ಇಡೀ ಅಣುವಿನ ತೂಕ. ಚೂರುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ೮೪ ತೂಕದ್ದು. ಹೊರಬಂದ ಹೊತ್ತು, ೧೬೨, ೮೪ ಮತ್ತು ಉಳಿದ ಚೂರುಗಳ ವಿನ್ಯಾಸ ಎಲ್ಲವೂ ಶುದ್ಧ ನಿಕೋಟಿನ್ನಿನ ದಾಖಲೆಯೊಡನೆ ಹೊಂದಿದರೆ ಸಂದೇಹಕ್ಕೆ ಎಡೆಯಿಲ್ಲ.

ಪ್ರಮಾಣವನ್ನು ತಿಳಿಯುವುದೂ ಸುಲಭ. ದ್ರವವನ್ನು ಸಾವಿರ ಪಟ್ಟು ತೆಳುಮಾಡಿದ ಮೇಲೆ ಯಂತ್ರದ ಸೂಚನೆ, ಮಿಲಿಲೀಟರಿಗೆ ೦.೦೨ ಮಿಲಿಗ್ರಾಂ ಇರುವ ಗೊತ್ತಾದ ದ್ರಾವಣದ ಸೂಚನೆಗೆ ಸಮನಾಯಿತೆನ್ನಿ. ಮೂಲ ದ್ರವದಲ್ಲಿದ್ದುದು ೦.೦೨ × ೧೦೦೦ = ೨೦ ಮಿಲಿಗ್ರಾಂ. ೧೦ ಮಿಲಿಲೀಟರ್ ಸೀಸೆಯಲ್ಲಿ ಒಟ್ಟು ೨೦೦ ಮಿಲಿಗ್ರಾಂ.

ಜಪ್ತಿಯೇ ಬೇರೆ, ಮುಟ್ಟುಗೋಲೇ ಬೇರೆ

ಇನ್ನು ಕಾನೂನಿನ ಮಾತು. ನಮ್ಮ ನಾಡಿನ ಶಾಸನಗಳಲ್ಲಿ ಹೆಜ್ಜುಂಕವೆಂಬ ಸುಂಕದ ಹೆಸರು ಬರುವುದುಂಟು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯೂ ಹಳೆಯದೇ. ಆದರೆ ಇಂದಿನ ಸುಂಕದ ಅಧಿಕಾರಿ ೧೯೬೨ರ ಕಸ್ಟಮ್ಸ್ ಕಾಯಿದೆಗೆ ಬದ್ಧನು. ಅವನ ಮುಂದೆ ಹೇಳಿಕೊಳ್ಳುವುದಕ್ಕೆ ಕಾಯಿದೆಯೇ ಅವಕಾಶ ಮಾಡಿದೆ.

ಕರ್ನಾಟಕ ಸರ್ಕಾರವು ೨೦೧೬ರ ಜೂನ್ ತಿಂಗಳಲ್ಲಿಯೇ ಇ-ಸಿಗರೇಟುಗಳ ಮಾರಾಟವನ್ನು ನಿಷೇಧಿಸಿತು. ಕೇಂದ್ರ ಸರ್ಕಾರವು ೨೦೧೯ರ ಸೆಪ್ಟೆಂಬರ್ ೧೮ರಂದು ಸುಗ್ರೀವಾಜ್ಞೆಯನ್ನು ಹೊರಡಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅದು ಕಾಯಿದೆಯಾಯಿತು. ದ್ರವ್ಯವನ್ನು ಕಾಯಿಸಿ ಎಳೆಯುವ ಮಂಜನ್ನು ಉಂಟುಮಾಡುವ ವಿದ್ಯುತ್ ಉಪಕರಣ, ನಿಕೋಟಿನ್ ಇದ್ದರೂ ಇಲ್ಲದಿದ್ದರೂ, ಈ ನಿಷೇಧಕ್ಕೆ ಒಳಪಟ್ಟದ್ದು. ಪೂರ್ಣ ವಸ್ತುವನ್ನಾಗಲಿ, ಅದರ ಯಾವುದೇ ಭಾಗವನ್ನಾಗಲಿ ತಯಾರಿಸುವುದು, ಆಮದು ಮಾಡುವುದು, ಸಾಗಿಸುವುದು, ಮಾರುವುದು ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಸೆರೆ, ಅಥವಾ ೧ ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ ಮೂರು ವರ್ಷದವರೆಗೆ ಸೆರೆ ಮತ್ತು ೫ ಲಕ್ಷದವರೆಗೆ ದಂಡ. ಸ್ವಂತ ಬಳಕೆಗೆಂದು ತರಿಸಿದೆನೆಂಬುದಕ್ಕೆ ಆಮದಿನ ನಿಷೇಧದಲ್ಲಿ ವಿನಾಯಿತಿಯಿಲ್ಲ.

ಸ್ಟಾಸನು ಕೆಲಸ ಮಾಡಿದ ಬ್ರಸಲ್ಸಿನಲ್ಲಿಯೇ ಇಂದು ವಿಶ್ವ ಸುಂಕ ಸಂಸ್ಥೆಯ ಕಚೇರಿ ಇದೆ. ಜಗತ್ತಿನ ಸರಕುಗಳಿಗೆಲ್ಲ ಅಂಕೆ ಕೊಡುವ ಅದರ ಪಟ್ಟಿಯಲ್ಲಿ, ೨೦೨೨ರ ಜನವರಿ ೧ರಿಂದ, ಸುಡದೆ ಒಳಗೆಳೆಯುವ ನಿಕೋಟಿನ್ ಪದಾರ್ಥಗಳಿಗೆ ೨೪೦೪ ಎಂಬ ಹೊಸ ಶೀರ್ಷಿಕೆ ಸೇರಿತು. ಬಿಡಿಯಾಗಿ ಬಂದ ಸೀಸೆ ಅಡಿಗೆಯ ಸುವಾಸನೆಯೋ ಈ ಶೀರ್ಷಿಕೆಗೆ ಸೇರಿದುದೋ ಎಂಬುದನ್ನು ಹೇಳಬೇಕಾದ್ದು ಪ್ರಯೋಗಶಾಲೆ. ಸುಳ್ಳು ಘೋಷಣೆಯ ಮಾತು ಬರಿಯ ಊಹೆಯಲ್ಲ. ೨೦೨೨ರ ಸೆಪ್ಟೆಂಬರಿನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಬೇರೊಂದು ಸರಕಿನ ಹೆಸರಿನಲ್ಲಿ ಬಂದಿದ್ದ ಸುಮಾರು ಎರಡು ಲಕ್ಷ ಇ-ಸಿಗರೇಟುಗಳನ್ನು ಕಂದಾಯ ಗುಪ್ತಚರ ನಿರ್ದೇಶನಾಲಯದವರು ಹಿಡಿದರು. ಅವುಗಳ ಬೆಲೆ ಸುಮಾರು ೪೮ ಕೋಟಿ ರೂಪಾಯಿ ಎಂದು ಅಂದಾಜಾಯಿತು.

ಇಲ್ಲಿ ವಿದ್ಯಾರ್ಥಿಗಳು ಎರಡು ಮಾತುಗಳ ಭೇದವನ್ನು ಗಮನಿಸಬೇಕು. ಕಸ್ಟಮ್ಸ್ ಕಾಯಿದೆಯ ೧೧೦ನೆಯ ಪ್ರಕರಣದಂತೆ, ಸರಕು ಕಾನೂನಿಗೆ ವಿರುದ್ಧವೆಂದು ನಂಬಲು ಕಾರಣವಿದ್ದರೆ ಅಧಿಕಾರಿ ಅದನ್ನು ಜಪ್ತಿ ಮಾಡಬಹುದು. ಇದು ತೀರ್ಪಲ್ಲ; ವಸ್ತುವನ್ನು ತಡೆದಿಡುವುದು ಮಾತ್ರ. ಮಹಜರು ಬರೆದು, ಮಾದರಿ ತೆಗೆದು, ಮುದ್ರೆಹಾಕಿ ಪರೀಕ್ಷೆಗೆ ಕಳುಹಿಸುವರು. ಮುದ್ರೆ ಒಡೆದಿದ್ದರೆ ಯಂತ್ರ ಎಷ್ಟು ಸೂಕ್ಷ್ಮವಾಗಿದ್ದರೂ ಫಲವಿಲ್ಲ. ತೂಗಿದ್ದು ಯಾವ ಸೀಸೆಯ ದ್ರವವೆಂದು ಯಾರು ಹೇಳಬೇಕು? ಬಳಿಕ ೧೨೪ನೆಯ ಪ್ರಕರಣದಂತೆ, ಕಾರಣ ಕೇಳುವ ನೋಟೀಸನ್ನು ಕೊಟ್ಟು, ಸಂಬಂಧಪಟ್ಟವನ ಉತ್ತರವನ್ನು ಕೇಳಿದ ಮೇಲೆಯೇ ಮುಟ್ಟುಗೋಲಿನ ಆಜ್ಞೆ ಆಗತಕ್ಕದ್ದು. ನೋಟೀಸು ಜಪ್ತಿಯಾದ ಆರು ತಿಂಗಳೊಳಗೆ ಬರಬೇಕು. ಮೇಲಧಿಕಾರಿ ಕಾರಣ ಬರೆದು ಇನ್ನೂ ಆರು ತಿಂಗಳವರೆಗೆ ಅದನ್ನು ಮುಂದುವರಿಸಬಹುದು. ಆಜ್ಞೆಯ ಮೇಲೆ ಅಪೀಲೂ ಉಂಟು. ಪ್ರಯೋಗದಲ್ಲಿ ಊಹೆ, ಪರೀಕ್ಷೆ, ನಿರ್ಣಯ ಎಂಬ ಮೂರು ಮೆಟ್ಟಿಲುಗಳು ಹೇಗೋ, ಇಲ್ಲಿಯೂ ಹಾಗೆಯೇ.

ಅಂಗಡಿಯಲ್ಲಿ ಬೀಡಿ, ಸಿಗರೇಟು ಸಿಗುತ್ತಿರುವಾಗ ಇದಕ್ಕೇಕೆ ನಿಷೇಧವೆಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಬ್ರಿಟನ್ನಿನ ವೈದ್ಯರು ಸಿಗರೇಟು ಬಿಡಲಾರದ ವಯಸ್ಕರಿಗೆ ಇದನ್ನು ಕಡಿಮೆ ಕೇಡಿನ ಸಾಧನವೆಂದು ಹೇಳುವುದುಂಟು. ನಮ್ಮ ದೇಶದ ಸ್ಥಿತಿ ಬೇರೆ. ೨೦೧೬-೧೭ರ ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ನೂರಕ್ಕೆ ೨೮.೬ ಮಂದಿ, ಕರ್ನಾಟಕದಲ್ಲಿ ೨೨.೮ ಮಂದಿ, ಹೊಗೆಸೊಪ್ಪನ್ನು ಯಾವುದಾದರೊಂದು ರೂಪದಲ್ಲಿ ಬಳಸುತ್ತಿದ್ದರು. ಹೊಗೆಸೊಪ್ಪನ್ನೇ ಮುಟ್ಟದ ಹುಡುಗರು ಹಣ್ಣಿನ ವಾಸನೆಯ ದಾರಿಯಿಂದ ಈ ಚಟಕ್ಕೆ ಬೀಳಬಾರದೆಂಬುದು ಸರ್ಕಾರದ ವಾದ. ಹರೆಯದ ಮೆದುಳು ಇನ್ನೂ ಬೆಳೆಯುತ್ತಿರುವುದರಿಂದ ನಿಕೋಟಿನ್ನಿಗೆ ಬೇಗ ಸೆರೆಯಾಗುವುದೆಂಬುದರಲ್ಲಿ ವೈದ್ಯರಿಗೆ ಭಿನ್ನಾಭಿಪ್ರಾಯವಿಲ್ಲ.

ನಾವು ನಮ್ಮ ವಿದ್ಯಾರ್ಥಿಗೆ ಇಷ್ಟನ್ನೆಲ್ಲ ವಿವರಿಸಿ, ಬಂದ ಕಾಗದವನ್ನು ಬಚ್ಚಿಡಬಾರದೆಂದೂ, ತಿಳಿದ ವಕೀಲರೊಬ್ಬರಿಗೆ ತೋರಿಸಿ ಅವಧಿಯೊಳಗೆ ನಿಜವಾದ ಉತ್ತರವನ್ನು ಬರೆಯಬೇಕೆಂದೂ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣನಿಗೆ ಅದಿಲ್ಲದೆ ಈಗ ಬೆಳಗ್ಗೆ ಏಳುವುದೇ ಆಗುವುದಿಲ್ಲ, ಸಾರ್. ಕೈ ನಡುಗುತ್ತದೆ, ಎಲ್ಲರ ಮೇಲೂ ರೇಗುತ್ತಾನೆ" ಎಂದನು.

ನಿಕೋಟಿನ್ ಇಲ್ಲವೆಂದು ಬರೆದ ಸೀಸೆಗೆ ಇದಕ್ಕಿಂತ ಬೇರೆ ಪರೀಕ್ಷೆ ಬೇಕಾಗಿರಲಿಲ್ಲ. ಬರಿಯ ಸುವಾಸನೆಯಾಗಿದ್ದರೆ ಬಿಟ್ಟಾಗ ಇಂಥ ಬಾಧೆ ಬರುವುದಕ್ಕೆ ಕಾರಣವಿಲ್ಲ. ಆ ಹುಡುಗನಿಗೆ ಈಗ ವಕೀಲರಿಗಿಂತ ಮೊದಲು ವೈದ್ಯರು ಬೇಕು. ಚಟ ಬಿಡಿಸುವ ರಾಷ್ಟ್ರೀಯ ದೂರವಾಣಿ ಸೇವೆಯ ಅಂಕೆ ೧೮೦೦-೧೧-೨೩೫೬. ಇದಕ್ಕೆ ಹಣ ತೆರಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಚಟದಿಂದ ಬಿಡಿಸುವ ಚಿಕಿತ್ಸೆ ದೊರೆಯುವುದು. ಅಂಕೆಯನ್ನು ಒಂದು ಚೀಟಿಯಲ್ಲಿ ಬರೆದು ಆ ವಿದ್ಯಾರ್ಥಿಯ ಕೈಗೆ ಕೊಟ್ಟೆವು. ವಾಚಕರಲ್ಲಿ ಯಾರಿಗಾದರೂ ಅದು ಬೇಕಾದೀತೆಂದು ಇಲ್ಲಿಯೂ ಬರೆದಿದ್ದೇವೆ.